ಗುತ್ತಿಯ ನಾಯಿಗೂ ಒಂದು ಚುಕ್ಕಿ ಇಡಬೇಕಾ?

(ಆಡಿಯೋ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಮಾತನ್ನು ಸ್ವಲ್ಪ ಕತ್ತರಿಸಲಾಗಿದೆ.)

ಬೇತಮಂಗಲದಿಂದ ಮಾತಾಡ್ತಾ ಇದ್ದೀನಿ. ಮಹಡಿ ಮೇಲಿನ ರೂಮು, ಕಿಟಕಿ ಮುಚ್ಚಿದೀನಿ, ಆದ್ರೂ ಹಿಂದೆ ಕೋಳಿ ಕೂಗೋದು, ಟ್ರ್ಯಾಕ್ಟರ್ ಹೋಗೋದು ಕೇಳಿಸಿದ್ರೆ ಅದು ಸೌಂಡ್ ಎಫೆಕ್ಟ್ ಅಲ್ಲ, ನಮ್ಮೂರು.

ಹೋದ ತಿಂಗಳು ಒಂದು ಕೆಲಸಕ್ಕೆ ಕೈ ಹಾಕ್ದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದೋಕೆ ಕೂತೆ. ಸುಮ್ನೆ ಓದೋದಲ್ಲ. ಪಕ್ಕದಲ್ಲಿ ಒಂದು ಲೆಡ್ಜರ್ ಬುಕ್ ಇಟ್ಕೊಂಡು, ಯಾರು ಯಾರ ಜೊತೆ ಮಾತಾಡಿದ್ರು, ಯಾರು ಯಾರ ಮನೆಗೆ ಹೋದ್ರು ಅಂತ ಎಂಟ್ರಿ ಹಾಕ್ತಾ ಹೋದೆ. ಮೊದಲನೇ ದಿನವೇ ಸಿಕ್ಕಾಕೊಂಡೆ. ಕಾರಣ ಒಂದು ನಾಯಿ.

ಕಾದಂಬರಿಯ ಶುರುವಿನಲ್ಲೇ ಗುತ್ತಿ ನಡ್ಕೊಂಡು ಬರ್ತಾನೆ. ಸಿಂಬಾವಿ ಭರಮೈಹೆಗ್ಗಡೆಯವರ ಜೀತದಾಳು. ಜೊತೆಗೆ ಅವನ ನಾಯಿ ಹುಲಿಯ. ಆ ನಾಯಿ ಎಷ್ಟರ ಮಟ್ಟಿಗೆ ಜೊತೆಗಿರುತ್ತೆ ಅಂದ್ರೆ ಜನ ಇವನನ್ನ ಕರೆಯೋದೇ ನಾಯಿಗುತ್ತಿ ಅಂತ. ಈಗ ನಾನು ಲೆಡ್ಜರಲ್ಲಿ ಹುಲಿಯನಿಗೆ ಒಂದು ಖಾತೆ ತೆಗೀಬೇಕಾ, ಬೇಡ್ವಾ? ಪೆನ್ ಕಚ್ಕೊಂಡು ಅರ್ಧ ಗಂಟೆ ಕೂತಿದ್ದೆ. ಇವತ್ತಿನ ಮಾತೆಲ್ಲಾ ಆ ಅರ್ಧ ಗಂಟೆಯಿಂದ ಬಂದಿದ್ದು.

ಮೊದಲು ಈ ಆಟ ಏನು ಅಂತ ಹೇಳ್ಬಿಡ್ತೀನಿ. ಇದಕ್ಕೆ ನೆಟ್‌ವರ್ಕ್ ಅನಾಲಿಸಿಸ್ ಅಂತಾರೆ. ಹೆಸರು ಕೇಳಿ ಹೆದರ್ಬೇಡಿ, ಚುಕ್ಕಿ ರಂಗೋಲಿ ನೋಡಿದೋರಿಗೆಲ್ಲಾ ಇದು ಅರ್ಥ ಆಗುತ್ತೆ. ಪ್ರತಿ ಪಾತ್ರಕ್ಕೆ ಒಂದು ಚುಕ್ಕಿ. ಇಬ್ಬರ ನಡುವೆ ಸಂಬಂಧ ಇದ್ರೆ ಒಂದು ಗೆರೆ. ಅಷ್ಟೇ. ನಾನು ಬಿಕಾಂ ಓದಿದೋನು, ನನಗೆ ಇದು ಇನ್ನೂ ಸುಲಭ. ಡಬಲ್ ಎಂಟ್ರಿಯಲ್ಲಿ ಪ್ರತಿ ವ್ಯವಹಾರಕ್ಕೂ ಕಡಿಮೆ ಅಂದ್ರೆ ಎರಡು ಖಾತೆ ಬೇಕಲ್ವಾ, ಒಂದು ಕಡೆ ಡೆಬಿಟ್, ಇನ್ನೊಂದು ಕಡೆ ಕ್ರೆಡಿಟ್? ಜರ್ನಲ್‌ನ ಒಂದೊಂದು ಎಂಟ್ರಿಯೂ ಒಂದೊಂದು ಗೆರೆಯೇ. ನಾವು ಮೂರು ವರ್ಷ ಅದನ್ನ ಟೇಬಲ್ ಹಾಕಿ ಬರೆದ್ವಿ, ಇವರು ಚಿತ್ರ ಬರೀತಾರೆ.

ಕಾದಂಬರಿ ಮೇಲೆ ಇದನ್ನ ಮಾಡೋ ಅಭ್ಯಾಸ ಹೊಸದೇನಲ್ಲ. ಕಂಪ್ಯೂಟರ್ ಸೈನ್ಸಿನವರು ದೇವರ ಥರ ನೋಡೋ ಡೊನಾಲ್ಡ್ ಕ್ನೂತ್, 1993ರಲ್ಲಿ ಒಂದು ಪುಸ್ತಕಕ್ಕೋಸ್ಕರ ವಿಕ್ಟರ್ ಹ್ಯೂಗೋನ ‘ಲೆ ಮಿಜರಾಬ್ಲ್’ ಕಾದಂಬರಿಯಲ್ಲಿ ಯಾರ ಜೊತೆ ಯಾರು ಕಾಣಿಸ್ಕೊಳ್ತಾರೆ ಅಂತ ಲೆಕ್ಕ ಹಾಕಿದ್ರು. 77 ಪಾತ್ರ, 254 ಗೆರೆ. ಇವತ್ತಿಗೂ ನೆಟ್‌ವರ್ಕ್ ಕಲಿಯೋರಿಗೆ ಮೊದಲು ಕೊಡೋ ಅಭ್ಯಾಸದ ಲೆಕ್ಕಗಳಲ್ಲಿ ಅದೂ ಒಂದು. 2011ರಲ್ಲಿ ಫ್ರಾಂಕೊ ಮೊರೆಟ್ಟಿ ಅನ್ನೋ ವಿಮರ್ಶಕ ಶೇಕ್ಸ್‌ಪಿಯರ್‌ನ ‘ಹ್ಯಾಮ್ಲೆಟ್’ ತಗೊಂಡ್ರು. ಕೈಯಲ್ಲೇ ಮಾಡಿದ್ರು, ಸಾಫ್ಟ್‌ವೇರ್ ಇಲ್ಲದೆ. ಇಬ್ಬರ ನಡುವೆ ಮಾತು ನಡೆದಿದ್ರೆ ಗೆರೆ, ಇಲ್ಲದಿದ್ರೆ ಇಲ್ಲ. ಆಮೇಲೆ ಒಂದು ತಮಾಷೆ ಮಾಡಿದ್ರು: ಒಬ್ಬೊಬ್ಬರನ್ನೇ ಅಳಿಸಿ ನೋಡಿದ್ರು. ಹ್ಯಾಮ್ಲೆಟ್‌ನ ಜೊತೆ ಅವನ ಸ್ನೇಹಿತ ಹೊರೇಷಿಯೋನನ್ನೂ ಅಳಿಸಿದ್ರೆ ಚಿತ್ರ ಚೂರು ಚೂರು. ನಾಟಕದಲ್ಲಿ ಈ ಹೊರೇಷಿಯೋ ಅಂಥ ದೊಡ್ಡ ಕೆಲಸವನ್ನೇನೂ ಮಾಡಲ್ಲ. ಆದ್ರೆ ಕಾವಲುಗಾರರು, ರಾಯಭಾರಿಗಳು, ಅಂಚಿನಲ್ಲಿರೋ ಜನರನ್ನ ಕಥೆಗೆ ಹೊಲೆದಿರೋ ದಾರ ಅವನು.

ನಿಮಗೆ ಹೆಚ್ಚು ಪರಿಚಯ ಇರೋದು ‘ಗೇಮ್ ಆಫ್ ಥ್ರೋನ್ಸ್’ ಇರಬೇಕು. 2016ರಲ್ಲಿ ಆಂಡ್ರ್ಯೂ ಬೆವರಿಜ್ ಅನ್ನೋ ಗಣಿತದ ಮೇಷ್ಟ್ರು ಮತ್ತು ಜೀ ಶಾನ್ ಸೇರಿ ಆ ಸರಣಿಯ ಮೂರನೇ ಪುಸ್ತಕವನ್ನ ಕಂಪ್ಯೂಟರಿಗೆ ಕೊಟ್ರು. ನಿಯಮ ಏನಪ್ಪಾ ಅಂದ್ರೆ, ಎರಡು ಹೆಸರು 15 ಪದಗಳ ಒಳಗೆ ಬಂದ್ರೆ ಒಂದು ಗೆರೆ. ಹೆಚ್ಚಿನ ಲೆಕ್ಕಗಳಲ್ಲಿ ಮೇಲೆ ಬಂದೋನು ಟಿರಿಯನ್. ನೋಡಿದೋರಿಗೆ ಆಶ್ಚರ್ಯ ಇಲ್ಲ ಬಿಡಿ.

ಈ “ಮೇಲೆ ಬಂದೋನು” ಅನ್ನೋದನ್ನ ಹೇಗೆ ಅಳೀತಾರೆ? ಒಂದು, ಯಾರಿಗೆ ಎಷ್ಟು ಗೆರೆ ಅಂತ ಎಣಿಸೋದು. ಇನ್‌ಸ್ಟಾಗ್ರಾಂ ಫಾಲೋವರ್ಸ್ ಥರ. ಇನ್ನೊಂದು ಇದಕ್ಕಿಂತ ಕುತೂಹಲದ್ದು, ಅದಕ್ಕೆ ನಮ್ಮ ಬಂಗಾರಪೇಟೆ ಜಂಕ್ಷನ್ನೇ ಒಳ್ಳೆ ಉದಾಹರಣೆ. ಬಂಗಾರಪೇಟೆ ದೊಡ್ಡ ಊರಲ್ಲ. ಹೊರಗಿನೋರು ಅಲ್ಲಿಗೆ ಬಂದ್ರೆ ಪಾನಿಪುರಿ ತಿಂದು ಹೋಗ್ತಾರೆ, ಅಷ್ಟೇ. ಆದ್ರೆ ಕೋಲಾರದಿಂದ ಮಾರಿಕುಪ್ಪಕ್ಕೆ ರೈಲಲ್ಲಿ ಹೋಗ್ಬೇಕಾ? ಬಂಗಾರಪೇಟೆ. ಮಾರಿಕುಪ್ಪದಿಂದ ಬೆಂಗಳೂರಿಗಾ? ಬಂಗಾರಪೇಟೆ. ಚೆನ್ನೈ ಕಡೆಗಾ? ಅದೇ. ಅಂದ್ರೆ ಬೇರೆಯವರ ನಡುವಿನ ಹತ್ತಿರದ ದಾರಿ ನಿಮ್ಮನ್ನ ಎಷ್ಟು ಸಲ ಹಾದು ಹೋಗುತ್ತೆ ಅನ್ನೋದು ಒಂದು ಅಳತೆ. ಬಿಟ್ವೀನ್‌ನೆಸ್ ಅಂತ ಹೆಸರು. 1977ರಲ್ಲಿ ಲಿಂಟನ್ ಫ್ರೀಮನ್ ಇದಕ್ಕೆ ಲೆಕ್ಕದ ರೂಪ ಕೊಟ್ರು. ನಾನು ಇದನ್ನ ಕನ್ನಡದಲ್ಲಿ ‘ನಡುಗಾರಿಕೆ’ ಅಂತ ಕರ್ಕೊಂಡಿದೀನಿ. ಸರಿಯಾದ ಪದ ಗೊತ್ತಿದ್ರೆ ಕಳಿಸಿ.

ಈಗ ‘ಮದುಮಗಳು’ವಿಗೆ ಬರೋಣ. 1967ರಲ್ಲಿ ಬಂದ ಕಾದಂಬರಿ. ಕಥೆ ನಡೆಯೋದು 19ನೇ ಶತಮಾನದ ಕೊನೆಯ ಹೊತ್ತಿನ ತೀರ್ಥಹಳ್ಳಿ ಸುತ್ತಮುತ್ತ. ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು, ಹೂವಳ್ಳಿ. ಒಂದೊಂದು ಮನೆ ಒಂದೊಂದು ಗುಡ್ಡದ ಪಕ್ಕ, ನಡುವೆ ಕಾಡು. ಫೋನಿಲ್ಲ, ಬಸ್ಸಿಲ್ಲ. ಹಾಗಾದ್ರೆ ಈ ಮನೆಗಳನ್ನ ಯಾರು ಜೋಡಿಸ್ತಾರೆ? ಹೆಗ್ಗಡೆಯವರಾ? ಅವರು ಅವರವರ ಮನೆ ಜಗಲೀಲೇ ಹೆಚ್ಚು. ಗೆರೆ ಎಣಿಸಿದ್ರೆ ಅವರಿಗೆ ಬೇಕಾದಷ್ಟಿದೆ, ಆಳು ಕಾಳು, ನೆಂಟರು, ಸಾಲಗಾರರು. ಆದ್ರೆ ಒಂದು ಮನೆಯ ಗುಂಪಿನಿಂದ ಇನ್ನೊಂದು ಮನೆಯ ಗುಂಪಿಗೆ ಹೋಗೋ ಗೆರೆ ಹುಡುಕಿದ್ರೆ ನನ್ನ ಪೆನ್ನು ಮತ್ತೆ ಮತ್ತೆ ಹೋಗಿ ನಿಲ್ತಾ ಇದ್ದಿದ್ದು ಗುತ್ತಿ ಹತ್ರ. ಒಡೆಯರ ಕೆಲಸದ ಮೇಲೆ ಹೊರಡ್ತಾನೆ, ದಾರೀಲಿ ತನ್ನ ಕೆಲಸವನ್ನೂ ನೋಡ್ಕೊಳ್ತಾನೆ. ಅವನ ಕೆಲಸ ಏನಂದ್ರೆ ಬೆಟ್ಟಳ್ಳಿಯ ತಿಮ್ಮಿಯನ್ನ ಹಾರಿಸ್ಕೊಂಡು ಹೋಗೋದು. ಅವನು ನಡೆದ ಹಾಗೆ ಕಥೆ ನಡೆಯುತ್ತೆ. ಇನ್ನೊಂದು ಕಡೆ ಹೂವಳ್ಳಿಯ ಚಿನ್ನಮ್ಮ, ಕೋಣೂರಿನ ಮುಕುಂದಯ್ಯ. ಇವರ ಪ್ರೀತಿಗೆ ದಾರಿ ಮಾಡಿಕೊಡೋರು ಯಾರು? ಪೀಂಚಲು, ಐತ. ಅವರೂ ಆಳುಗಳೇ.

ಇಲ್ಲೊಂದು ಜಗಳ ಇದೆ ನೋಡಿ. ಈ ಕಾದಂಬರಿಯ ಬಾಗಿಲಲ್ಲೇ ಕುವೆಂಪು ಮುಖ್ಯ, ಅಮುಖ್ಯ ಅನ್ನೋ ವಿಂಗಡಣೆಯನ್ನೇ ಒಪ್ಪದೆ ನಿಂತಿದ್ದಾರೆ. ನಾನು ಕೈಲಿ ಹಿಡ್ಕೊಂಡಿರೋ ಸಾಧನ ಹುಟ್ಟಿರೋದೇ ಯಾರು ಮುಖ್ಯ ಅಂತ ರ‍್ಯಾಂಕ್ ಕೊಡೋಕೆ. ಮೊದಲು ನನಗೆ ಇದು ತಲೆಹರಟೆ ಅನ್ನಿಸ್ತು, ದೇವಸ್ಥಾನಕ್ಕೆ ತಕ್ಕಡಿ ತಗೊಂಡು ಹೋದ ಹಾಗೆ. ಆದ್ರೆ ಲೆಕ್ಕ ಹಾಕ್ತಾ ಹೋದ ಹಾಗೆ ತಕ್ಕಡಿಯೇ ಕುವೆಂಪು ಕಡೆ ವಾಲ್ತಾ ಬಂತು. ಹೆಗ್ಗಡೆಯನ್ನ ತೆಗೆದ್ರೆ ಒಂದು ಮನೆ ಕುಸಿಯುತ್ತೆ. ಗುತ್ತಿಯನ್ನ ತೆಗೆದ್ರೆ ಮನೆ ಮನೆ ನಡುವಿನ ದಾರಿಯೇ ಮುಚ್ಚಿಹೋಗುತ್ತೆ.

ಇದನ್ನ ರಂಗದ ಮೇಲೆ ತಂದೋರಿಗೂ ಈ ನಡಿಗೆಯೇ ಸಮಸ್ಯೆ ಆಗಿರಬೇಕು. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯ ಇದನ್ನ ರಾತ್ರಿಯಿಡೀ ನಡೆಯೋ ನಾಟಕ ಮಾಡಿದ್ರು. ರಂಗರೂಪ ಬರೆದೋರು ನಮ್ಮ ಕೋಲಾರ ಜಿಲ್ಲೆಯವರೇ ಆದ ಕೆ.ವೈ. ನಾರಾಯಣಸ್ವಾಮಿ. ಒಂದೇ ವೇದಿಕೆ ಅಲ್ಲ, ಹಲವು. ಪ್ರೇಕ್ಷಕರೇ ಎದ್ದು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೀಬೇಕು. ಅಂದ್ರೆ ನೋಡೋರನ್ನೇ ಗುತ್ತಿ ಮಾಡಿಬಿಟ್ರು.

ಸರಿ, “ಕೈಯಲ್ಲಿ ಯಾಕೆ ಮಾಡ್ತೀಯಾ, ಕಂಪ್ಯೂಟರಿಗೆ ಕೊಡು” ಅಂತ ನನ್ನ ಫ್ರೆಂಡ್ ಒಬ್ಬ ಅಂದ. ಬೆಂಗಳೂರಲ್ಲಿ ಡೇಟಾ ಕೆಲಸ ಮಾಡ್ತಾನೆ. ಅವನ ಮುಂದೆ ನಾನು ಒಂದು ಪದ ಟೈಪ್ ಮಾಡ್ದೆ: ಗುತ್ತಿಗೆ. ಇದೇನಪ್ಪಾ ಅಂದೆ. ಕಾಂಟ್ರಾಕ್ಟ್ ಅಂದ. ಹೌದು, ಟೆಂಡರ್ ಹಿಡಿಯೋರಿಗೆ ಗುತ್ತಿಗೆ ಅಂದ್ರೆ ಕಾಂಟ್ರಾಕ್ಟ್. ‘ಮದುಮಗಳು’ ಓದೋರಿಗೆ ಗುತ್ತಿಗೆ ಅಂದ್ರೆ ಗುತ್ತಿ ಅನ್ನೋನಿಗೆ. ಇನ್ನೊಂದು ಪದ: ಹುಲಿಯ. ಕಾಡಿನ ಹುಲಿಯ ಹೆಜ್ಜೆಯಾ, ಗುತ್ತಿಯ ನಾಯಿಯಾ? ಮಲೆನಾಡಿನ ಕಾದಂಬರಿ, ಅಲ್ಲಿ ಎರಡೂ ಬರ್ತವೆ! ಇಂಗ್ಲಿಷಲ್ಲಿ ಟಿರಿಯನ್ ಅಂದ್ರೆ ಎಲ್ಲಾ ಕಡೆ ಟಿರಿಯನ್ನೇ, ಹೆಚ್ಚಂದ್ರೆ ಕೊನೆಗೊಂದು ಎಸ್ಸು. ನಮ್ಮಲ್ಲಿ ಗುತ್ತಿ, ಗುತ್ತಿಯ, ಗುತ್ತಿಯನ್ನು, ಗುತ್ತಿಯಿಂದ, ಗುತ್ತಿಯೂ, ಗುತ್ತಿಯೇ. ಇದೆಲ್ಲಾ ಒಬ್ಬನೇ ಅಂತ ಕಂಪ್ಯೂಟರಿಗೆ ಮೊದಲು ಹೇಳಿಕೊಡ್ಬೇಕು.

ಇದಕ್ಕಿಂತ ಕಷ್ಟ ಹೆಸರೇ ಇಲ್ಲದ ವಾಕ್ಯಗಳದ್ದು. “ಬಂದ, ಕೂತ, ಎದ್ದು ಹೋದ.” ಯಾರು? ಕನ್ನಡದಲ್ಲಿ ಕರ್ತೃ ಬಿಟ್ರೂ ನಡೆಯುತ್ತೆ, ಕ್ರಿಯಾಪದದ ಬಾಲ ನೋಡಿ ನಾವು ತಿಳ್ಕೊಳ್ತೀವಿ. ಒಬ್ಬರಿಗೇ ಹತ್ತು ಹೆಸರು ಬೇರೆ: ಹೆಗ್ಗಡೇರು, ಒಡೆಯರು, ಅಯ್ಯ. ಇನ್ನು ಆ 15 ಪದದ ನಿಯಮ. ಇಂಗ್ಲಿಷಿನಲ್ಲಿ ನಾಲ್ಕೈದು ಪದ ಆಗೋದು ನಮ್ಮಲ್ಲಿ ಒಂದೇ ಪದದಲ್ಲಿ ಮುಗಿಯುತ್ತೆ, “ಹೋಗಬೇಕಾಗಿತ್ತಂತೆ” ಅನ್ನೋ ಥರ. ಹಾಗಾಗಿ ಕನ್ನಡದ 15 ಪದದಲ್ಲಿ ಅವರಿಗಿಂತ ಜಾಸ್ತಿ ಕಥೆ ನಡೆದುಹೋಗಿರುತ್ತೆ. ನಿಯಮವನ್ನ ಹಾಗೇ ತಂದು ಅಂಟಿಸಿದ್ರೆ ಮುಖ ನೋಡದೇ ಇರೋರ ನಡುವೆಯೂ ಗೆರೆ ಬಿದ್ದುಬಿಡುತ್ತೆ. ಫ್ರೆಂಡ್ ಸುಮ್ಮನಾದ. ಎರಡು ದಿನ ಬಿಟ್ಟು ತಾನೇ ಫೋನ್ ಮಾಡಿ “ಕಥೆ ಏನು ಅದು, ಓದ್ಬೇಕು” ಅಂದ. ಅದು ನನ್ನ ಈ ತಿಂಗಳ ಲಾಭ.

ನನ್ನನ್ನ ಜಾಸ್ತಿ ಕಾಡಿದ್ದು ಇದ್ಯಾವುದೂ ಅಲ್ಲ. ಗೆರೆ ಅನ್ನೋದು ಏನನ್ನ ಮುಚ್ಚಿಡುತ್ತೆ ಅನ್ನೋದು.

ಗುತ್ತಿ ಹೆಗ್ಗಡೆಯವರ ಜೊತೆ ಮಾತಾಡ್ತಾನೆ. ಗೆರೆ ಹಾಕ್ದೆ. ಮುಕುಂದಯ್ಯ ಚಿನ್ನಮ್ಮನ ಜೊತೆ ಮಾತಾಡ್ತಾನೆ. ಅಲ್ಲೂ ಅದೇ ಗೆರೆ, ಅದೇ ಉದ್ದ, ಅದೇ ಶಾಯಿ. ಆದ್ರೆ ಗುತ್ತಿ ಹೊಲೆಯರವನು. ಅವನು ಮಾತಾಡೋದು ಅಂಗಳದಲ್ಲಿ ನಿಂತು. ಜಗಲಿ ಹತ್ತೋ ಹಾಗಿಲ್ಲ. ಒಬ್ಬರು ‘ನೀನು’ ಅಂತಾರೆ, ಇನ್ನೊಬ್ಬರು ‘ಒಡೆಯ’ ಅಂತಾರೆ. ನನ್ನ ಲೆಡ್ಜರಲ್ಲಿ ಇದೆಲ್ಲಾ ಒಂದೇ ಎಂಟ್ರಿ. ಅಂಗಳಕ್ಕೂ ಜಗಲಿಗೂ ಇರೋ ದೂರ ಎಲ್ಲೂ ಕಾಣಲ್ಲ. ಅದಕ್ಕೆ ನಾನು ಗೆರೆಗೆ ಬಾಣ ಹಾಕೋಕೆ ಶುರು ಮಾಡ್ದೆ. ಯಾರು ಯಾರನ್ನ ಏಕವಚನದಲ್ಲಿ ಕರೀತಾರೋ ಅದು ಕೆಂಪು ಬಾಣ. ಬಹುವಚನ ಆದ್ರೆ ನೀಲಿ. ಒಬ್ಬರಿಗೊಬ್ಬರು ಏಕವಚನ ಆದ್ರೆ ಅದು ಸ್ನೇಹ ಅಥವಾ ಜಗಳ. ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ ಇದ್ರೆ ಅದು ಯಜಮಾನಿಕೆ. ಇಂಗ್ಲಿಷ್ ಕಾದಂಬರೀಲಿ ಈ ಮಾಹಿತಿ ಇಷ್ಟು ಸಲೀಸಾಗಿ ಸಿಗಲ್ಲ, ಎಲ್ಲರಿಗೂ ‘ಯು’. ನಮ್ಮ ಭಾಷೇಲಿ ಪ್ರತಿ ಮಾತಿಗೂ ಬೆಲೆಚೀಟಿ ಅಂಟಿಸಿರ್ತಾರೆ. ಕನ್ನಡ ಕಾದಂಬರಿಗಳ ನೆಟ್‌ವರ್ಕ್ ಯಾರಾದ್ರೂ ದೊಡ್ಡದಾಗಿ ಮಾಡೋದಾದ್ರೆ ಇಲ್ಲಿಂದ ಶುರು ಮಾಡಿ ಅಂತ ನನ್ನ ಮನವಿ.

“ನಮ್ಮ ಜಿಲ್ಲೆಯ ಮಾಸ್ತಿಯನ್ನ ಬಿಟ್ಟು ಮಲೆನಾಡಿಗೆ ಯಾಕೆ ಹೋದೆ” ಅಂತ ಕೇಳೋರು ಇರ್ತೀರಾ. ಬಿಟ್ಟಿಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ಇಲ್ಲಿಂದ ದೂರ ಏನಲ್ಲ. 1983ರ ಜ್ಞಾನಪೀಠ ಅವರಿಗೇ ಬಂದಿದ್ದು. ಅವರ ‘ಚಿಕವೀರ ರಾಜೇಂದ್ರ’ 1956ರದ್ದು, 1834ರಲ್ಲಿ ಬ್ರಿಟಿಷರು ಕೊಡಗನ್ನ ತಗೊಂಡ ಕಥೆ. ಅದರ ಚಿತ್ರ ಬರೆದ್ರೆ ಆಕಾರವೇ ಬೇರೆ. ಅರಮನೆ ಕಾದಂಬರಿ ಅಲ್ವಾ, ನಡುವೆ ರಾಜ, ಸುತ್ತ ಮಂತ್ರಿಗಳು, ರಾಣಿ, ತಂಗಿ, ತಂಗಿಯ ಗಂಡ. ಅಲ್ಲಿ ನನ್ನ ಕಣ್ಣು ಹೋಗಿದ್ದು ಕುಂಟ ಬಸವನ ಮೇಲೆ. ನಾಡೆಲ್ಲಾ ಹೆದರೋ ಮನುಷ್ಯ. ಆದ್ರೆ ಅವನ ಅಧಿಕಾರ ನಿಂತಿರೋದು ಒಂದೇ ಗೆರೆ ಮೇಲೆ, ಅವನಿಂದ ರಾಜನಿಗೆ ಹೋಗೋ ಗೆರೆ. ಅವನ ಹುಟ್ಟಿನ ಗುಟ್ಟು ಹೇಳಲ್ಲ, ಓದಿಲ್ಲದೋರು ಬೈತೀರಾ. ಆ ಗುಟ್ಟು ಗೊತ್ತಾದ ಮೇಲೆ ಅಲ್ಲಿವರೆಗೆ ಹಾಕಿದ ಗೆರೆಗಳನ್ನೆಲ್ಲಾ ಇನ್ನೊಂದು ಸಲ ಹಾಕ್ಬೇಕಾಗುತ್ತೆ. ಅಷ್ಟು ಮಾತ್ರ ಹೇಳ್ತೀನಿ.

ಈಗ ನಾಯಿಗೆ ವಾಪಸ್. ಅಲ್ಲ, ಅದಕ್ಕೂ ಮೊದಲು ನಮ್ಮ ಅವ್ವ. ಅವ್ವ ಅಂದ್ರೆ ನಮ್ಮ ಮನೇಲಿ ಅಪ್ಪನ ತಾಯಿ.

ಅವ್ವ ಸೊಪ್ಪು ಮಾರ್ತಿದ್ರು. ಬೆಳಿಗ್ಗೆ ಮೊದಲ ಬಸ್ಸಿಗೆ ಬುಟ್ಟಿ ಹಾಕ್ಕೊಂಡು ಕೆಜಿಎಫ್‌ಗೆ ಹೋಗೋದು. ನಮ್ಮೂರ ಕೆರೆ ನೀರು ಗಣಿಯವರಿಗೆ ಹೋಗ್ತಿತ್ತು, ನಮ್ಮವ್ವನ ದಂಟು, ಹರಿವೆ, ಮೆಂತ್ಯ ಕೂಡ. ಮನೇಲಿ ತೆಲುಗು, ಊರಲ್ಲಿ ಕನ್ನಡ, ಗಣಿ ಲೈನುಗಳಿಗೆ ಹೋದ್ರೆ ತಮಿಳು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಅವ್ವ ನಿಲ್ಲಿಸಲಿಲ್ಲ. “ಗಣಿ ಮುಚ್ಚಿದ್ರೆ ಬಾಯಿ ಮುಚ್ತಾರಾ, ಸೊಪ್ಪು ತಿನ್ನಲ್ವಾ” ಅನ್ನೋರು. ಯಾರ ಮನೆಯ ಒಳಗೂ ಹೋದೋರಲ್ಲ, ಮೆಟ್ಟಿಲ ಮೇಲೆ ಕೂತು ಮಾರಿದೋರು. ಆದ್ರೆ ಯಾರ ಮಗ ಬೆಂಗಳೂರಿಗೆ ರೈಲಲ್ಲಿ ಕೆಲಸಕ್ಕೆ ಹೋಗ್ತಾನೆ, ಯಾರ ಮನೇಲಿ ಹುಡುಗಿ ನೋಡ್ತಿದಾರೆ, ಯಾರಿಗೆ ಕೆಮ್ಮು ಜಾಸ್ತಿ ಆಗಿದೆ, ಎಲ್ಲಾ ಗೊತ್ತಿತ್ತು.

ಅವ್ವ ತೀರಿಕೊಂಡಾಗ ನಾವು ಅವರ ಫೋನ್ ತೆಗೆದು ಯಾರಿಗೆಲ್ಲಾ ಹೇಳ್ಬೇಕು ಅಂತ ನೋಡಿದ್ವಿ. ಕೀಪ್ಯಾಡ್ ಫೋನು. ಅದರಲ್ಲಿ ನಾಲ್ಕು ನಂಬರ್. ಅಪ್ಪ, ಚಿಕ್ಕಪ್ಪ, ಅತ್ತೆ, ನಾನು. ನಾಲ್ಕೂ ಜನ ಅಲ್ಲೇ ನಿಂತಿದ್ವಿ.

ತಿಥಿ ಎಲ್ಲಾ ಮುಗಿದು ಒಂದೂವರೆ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಚಾಂಪಿಯನ್ ರೀಫ್ ಕಡೆಯಿಂದ ಒಬ್ಬ ಅಮ್ಮ ಬಂದ್ರು. ಅವ್ವನಿಗಿಂತ ಸ್ವಲ್ಪ ಚಿಕ್ಕೋರು. ಸೊಪ್ಪಿನಮ್ಮ ಯಾಕೆ ಬರ್ತಿಲ್ಲ ಅಂತ ಕೇಳ್ಕೊಂಡು, ಬಸ್ ಸ್ಟ್ಯಾಂಡಿಂದ ಅಂಗಡಿ ಅಂಗಡೀಲಿ ವಿಚಾರಿಸ್ಕೊಂಡು ಬಂದಿದ್ರು. ವಿಷಯ ಹೇಳಿದ್ವಿ. ಅವರು ಅಳಲಿಲ್ಲ, ತಮಿಳಲ್ಲಿ ಅಪ್ಪನಿಗೆ ಚೆನ್ನಾಗಿ ಬೈದ್ರು. ಮೂವತ್ತು ವರ್ಷದಿಂದ ನನ್ನ ಮನೆ ಮೆಟ್ಟಿಲ ಮೇಲೆ ಕೂತೋಳು, ನನಗೆ ಯಾರೂ ಹೇಳಲಿಲ್ವಾ ಅಂತ. ಅಪ್ಪ ತಲೆ ಬಗ್ಗಿಸ್ಕೊಂಡು ನಿಂತಿದ್ರು. ಹೇಳೋಕೆ ನಮಗೆ ಅವರೊಬ್ಬರು ಇದಾರೆ ಅನ್ನೋದೇ ಗೊತ್ತಿರಲಿಲ್ಲ. ಅಮ್ಮ ಕಾಫಿ ಕೊಟ್ರು. ಅವರು ಕುಡಿದು, ಲೋಟ ಇಟ್ಟು, ಅವ್ವನ ಫೋಟೋ ಮುಂದೆ ಐದು ನಿಮಿಷ ಕೂತು ಹೋದ್ರು. ಅವರ ನಂಬರ್ ತಗೋಬೇಕು ಅಂತ ನಮಗ್ಯಾರಿಗೂ ಹೊಳೀಲಿಲ್ಲ. ಬಸ್ಸು ಹೋದ ಮೇಲೆ ಹೊಳೀತು.

ಫೋನಿನ ಲೆಕ್ಕದಲ್ಲಿ ನಮ್ಮವ್ವ ನಾಲ್ಕು ಗೆರೆಯ ಚುಕ್ಕಿ. ವಂಶವೃಕ್ಷದಲ್ಲಿ ಇನ್ನೂ ಕಮ್ಮಿ, ಅಲ್ಲಿ ಹೆಣ್ಣುಮಕ್ಕಳ ಹೆಸರೇ ಬರೆದಿಲ್ಲ. ಕಾದಂಬರೀಲಿ ಗುತ್ತಿಯನ್ನ ತೆಗೆದು ನೋಡೋಕೆ ನನಗೆ ರಬ್ಬರ್ ಸಾಕಿತ್ತು. ಇಲ್ಲಿ ಚುಕ್ಕಿ ಅಳಿಸಿಹೋದ ಮೇಲೆ ಒಂದು ಊರಿನ ಕಡೆಯ ಗೆರೆಗಳು ಇದ್ವು ಅಂತ ಗೊತ್ತಾಯ್ತು.

ಇದನ್ನ ಹೇಳ್ತಿರೋದು ಬರೀ ಕಾದಂಬರಿ ಓದಿ ಅಂತ ಅಲ್ಲ. ನಿಮ್ಮ ಫೋನಿನ ಕಾಂಟಾಕ್ಟ್ ಲಿಸ್ಟೂ ಒಂದು ಪಾತ್ರವರ್ಗವೇ, ಅದನ್ನ ಓದೋರೂ ಇದಾರೆ. ನನ್ನ ಜೊತೆ ಓದಿದ ಹುಡುಗ ಒಬ್ಬ ಒಂದು ಲೋನ್ ಆ್ಯಪ್‌ನಲ್ಲಿ ಆರು ಸಾವಿರ ತಗೊಂಡಿದ್ದ. ಆ್ಯಪ್ ಹಾಕಿದಾಗ ‘ಅಲೋ’ ಒತ್ತಿದ್ದ. ಕಂತು ತಪ್ಪಿದ ಮೂರನೇ ದಿನ ಅವನ ಅಕ್ಕನ ಗಂಡನಿಗೆ ಫೋನ್ ಹೋಯ್ತು, ಆಮೇಲೆ ಅವನ ಹಳೇ ಮೇಷ್ಟ್ರಿಗೆ. ಯಾರ ಮುಂದೆ ಮರ್ಯಾದೆ ಹೋದ್ರೆ ಇವನಿಗೆ ಹೆಚ್ಚು ನೋವಾಗುತ್ತೆ ಅಂತ ಆರಿಸಿದ ಹಾಗಿತ್ತು. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮಗಳ ಪ್ರಕಾರ ಸಾಲದ ಆ್ಯಪ್‌ಗಳು ನಿಮ್ಮ ಕಾಂಟಾಕ್ಟ್ ಲಿಸ್ಟು, ಕಾಲ್ ಲಾಗು ಮುಟ್ಟೋ ಹಾಗಿಲ್ಲ. ಕೇಳಿದ್ರೆ ಆ ಆ್ಯಪ್ ಬೇಡ, ತೆಗೆದುಹಾಕಿ. ನಿಮ್ಮ ಗೆರೆಗಳು ನಿಮ್ಮವಷ್ಟೇ ಅಲ್ಲ, ಆ ಕಡೆ ತುದಿಯಲ್ಲಿ ಇರೋರದ್ದೂ ಹೌದು.

ಹುಲಿಯನ ವಿಷಯ. ನಾನು ಹಾಕ್ಕೊಂಡಿದ್ದ ನಿಯಮ ಮೊರೆಟ್ಟಿಯದ್ದು, ಮಾತು ನಡೆದ್ರೆ ಗೆರೆ. ನಾಯಿ ಮಾತಾಡಲ್ಲ. ಆದ್ರೆ ಗುತ್ತಿ ಅದರ ಜೊತೆ ಮಾತಾಡ್ತಾನೆ, ಕೆಲವು ಹೆಗ್ಗಡೆಗಳ ಜೊತೆ ಮಾತಾಡೋದಕ್ಕಿಂತ ಜಾಸ್ತಿನೇ, ಬಾಯ್ತುಂಬ. ಮಾತಿಗೆ ಉತ್ತರ ಬರಲೇಬೇಕು ಅಂತ ನಾನು ನಿಯಮ ಹಾಕಿದ್ರೆ ಯಜಮಾನನ ಮುಂದೆ ಬಾಯಿ ಬಿಡದೆ ನಿಲ್ಲೋ ಎಷ್ಟು ಜನ ಮನುಷ್ಯರೂ ಲೆಡ್ಜರಿಂದ ಹೊರಗೆ ಹೋಗ್ತಾರೆ ಅಂತ ಆಗ ಹೊಳೀತು. ಖಾತೆ ತೆಗೆದೆ. ಪುಟದ ಮೇಲೆ ‘ಹುಲಿಯ (ನಾಯಿ)’ ಅಂತ ಬರೆದೆ, ಆಡಿಟರ್ ಗೊಂದಲ ಆಗ್ಬಾರದು ನೋಡಿ. ಕಾದಂಬರಿಯ ಕೊನೆಯ ಭಾಗದಲ್ಲಿ, ತುಂಗೆಯ ಹೊಳೆ ಹತ್ರ ಬಂದಾಗ, ಆ ಖಾತೆ ತೆಗೆದಿದ್ದು ಸರಿ ಅನ್ನಿಸ್ತು. ಯಾಕೆ ಅಂತ ಓದಿದೋರಿಗೆ ಗೊತ್ತು.

ನೀವೂ ಮಾಡಿ ನೋಡೋದಾದ್ರೆ ದಪ್ಪ ಪುಸ್ತಕ ಬೇಡ. ಮಾಸ್ತಿಯವರದ್ದೇ ಒಂದು ಸಣ್ಣ ಕಥೆ ತಗೊಳ್ಳಿ, ಒಂದು ಬಿಳಿ ಹಾಳೆ, ಎರಡು ಬಣ್ಣದ ಪೆನ್. ಕಂಪ್ಯೂಟರಲ್ಲಿ ಚಂದದ ಚಿತ್ರ ಬೇಕು ಅಂದ್ರೆ ಗೆಫಿ ಅಂತ ಒಂದು ಸಾಫ್ಟ್‌ವೇರ್ ಇದೆ, ಉಚಿತ. ಮೊದಲು ಕೈಯಲ್ಲೇ ಬರೀರಿ, ಆಮೇಲೆ ಅದು. ಹಾಳೆಯ ಫೋಟೋ ತೆಗೆದು ಕಳಿಸಿ, ಯಾರಿಗೆ ಚುಕ್ಕಿ ಇಡೋಕೆ ಕಷ್ಟ ಆಯ್ತು ಅಂತಾನೂ ಬರೀರಿ.

ನಾನು ಮುಂದಿನ ಭಾನುವಾರ ಚಾಂಪಿಯನ್ ರೀಫ್‌ಗೆ ಹೋಗ್ತಿದೀನಿ. ಆ ಅಮ್ಮನ ಹೆಸರು ಗೊತ್ತಿಲ್ಲ, ಲೈನ್ ಯಾವುದು ಅಂತಲೂ ಗೊತ್ತಿಲ್ಲ. ಸೊಪ್ಪಿನಮ್ಮನ ಮೊಮ್ಮಗ ಅಂತ ಹೇಳ್ಕೊಂಡು ಕೇಳ್ತಾ ಹೋಗ್ತೀನಿ. ಸಿಕ್ಕಿದ್ರೆ ಮುಂದಿನ ಸಂಚಿಕೇಲಿ ಹೇಳ್ತೀನಿ. ನಮಸ್ಕಾರ.